ಫಿಮ್ಕಾ ಅತ್ತೆ ಕಳಿಸಿದ ಬೂಟುಗಳು

ನಮ್ಮ ಸ್ಕೋಪಿಯೆ ಪಟ್ಟಣದಲ್ಲಿ ಸತ್ತವರನ್ನು ಬರಿಗೈಯಲ್ಲಿ ಕಳಿಸುವ ಪದ್ಧತಿಯಿಲ್ಲ. ಪೆಟ್ಟಿಗೆಯ ಮುಚ್ಚಳ ಹಾಕುವ ಮುಂಚೆ ಅಕ್ಕಪಕ್ಕದವರೆಲ್ಲ ಸಾಲಾಗಿ ಬಂದು, ತಮ್ಮ ತಮ್ಮ ಹಳೆಯ ಸತ್ತವರಿಗೆ ಮುಟ್ಟಿಸಬೇಕಾದ ಸಾಮಾನನ್ನು ಹೊಸದಾಗಿ ಸತ್ತವರ ಪಕ್ಕದಲ್ಲಿಡುತ್ತಾರೆ. ಒಬ್ಬರ ಅಪ್ಪನಿಗೆ ಸಿಗರೇಟು, ಇನ್ನೊಬ್ಬರ ಅಜ್ಜಿಗೆ ಕನ್ನಡಕ, ಮತ್ತೊಬ್ಬರ ಗಂಡ ಅವಸರದಲ್ಲಿ ಬಿಟ್ಟುಹೋದ ಹಲ್ಲಿನ ಸೆಟ್ಟು. ಇಟ್ಟಮೇಲೆ ಬಗ್ಗಿ ಹೆಣದ ಕಿವಿಯಲ್ಲಿ, "ನಮ್ಮ ರಿಸ್ತೋಗೆ ಕೊಡಪ್ಪ, ಕುಂಟ್ತಾನೆ, ಬೇಗ ಗುರುತು ಸಿಕ್ತಾನೆ" ಎಂದು ವಿಳಾಸ ಒಪ್ಪಿಸುತ್ತಾರೆ. ಪಾದ್ರಿಗಳು ಸರಿಯಾಗಿ ಆ ಹೊತ್ತಿಗೆ ಚಾವಣಿ ನೋಡುತ್ತ ನಿಲ್ಲುತ್ತಾರೆ. ಚಾವಣಿಯಲ್ಲಿ ಏನಿದೆಯೋ ನನಗೆ ತಿಳಿಯದು. ಆದರೆ ನಮ್ಮ ಬೀದಿಯ ಪಾದ್ರಿ ತಮ್ಮ ತಾಯಿಯ ಮಂಡಿನೋವಿನ ಮುಲಾಮನ್ನು ನಮ್ಮ ಕಟ್ಟಡದ ಮುದುಕನೊಬ್ಬನ ಕೈಯಲ್ಲಿ ಕಳಿಸಿದ್ದು ಎಲ್ಲರಿಗೂ ಗೊತ್ತು.

ಈ ಅಂಚೆಗೆ ನಿಯಮ ಒಂದೇ. ಬದುಕಿರುವವರ ಹೆಸರಿಗೆ ಏನನ್ನೂ ಕಳಿಸಬಾರದು. ಕಳಿಸಿದರೆ ಅದನ್ನು ಪಡೆಯಲು ಅವರು ಆಚೆ ಕಡೆಗೆ ಹೋಗಬೇಕಾಗುತ್ತದೆ.

ಆ ನಿಯಮವನ್ನು ನಮ್ಮ ಬೀದಿಯಲ್ಲಿ ಎಲ್ಲರಿಗಿಂತ ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದವಳು ನನ್ನ ಎದುರುಮನೆಯ ಫಿಮ್ಕಾ ಅತ್ತೆ. ಮುರಿದವಳೂ ಅವಳೇ.

ಫಿಮ್ಕಾ ಅತ್ತೆ ನಗರ ಸಾರಿಗೆಯಲ್ಲಿ ಕಂಡಕ್ಟರ್ ಆಗಿ ನಿವೃತ್ತಳಾದವಳು. ಎತ್ತರ, ಅಗಲ, ಧ್ವನಿ ಮೂರರಲ್ಲೂ ನಮ್ಮ ಕೋಟೆಯ ಬುರುಜಿಗೆ ಸಮ. ಕಾಲುಗಳಂತೂ ಗಂಡಸರ ಅಂಗಡಿಯಲ್ಲೇ ಚಪ್ಪಲಿ ಕೊಳ್ಳಬೇಕಾದಷ್ಟು ದೊಡ್ಡವು. ಅವಳ ಬಸ್ಸು ವೊಡ್ನೊ ಬೆಟ್ಟದ ಬುಡದಿಂದ ಹೊರಟು, ಹಳೆಯ ರೈಲ್ವೆ ನಿಲ್ದಾಣದ ಮುಂದೆ ಹಾದು, ವರ್ದಾರ್ ನದಿ ದಾಟಿ, ಹಳೇ ಪೇಟೆಯ ಮಸೀದಿಗಳ ಬೆನ್ನ ಹಿಂದಿನಿಂದ ಸುತ್ತಿ, ಬುಟೆಲ್ ಸ್ಮಶಾನದ ಗೇಟಿಗೆ ಬಂದು ನಿಲ್ಲುತ್ತಿತ್ತು. ಅಲ್ಲಿ ಅವಳು ಕೂಗುತ್ತಿದ್ದ ಕೂಗು ಊರಿಗೆಲ್ಲ ಬಾಯಿಪಾಠ: "ಕೊನೇ ಸ್ಟಾಪು! ಇಳೀರಿ ಇಳೀರಿ! ಇಲ್ಲಿಂದ ಮುಂದಕ್ಕೆ ನನ್ನ ಟಿಕೆಟ್ ನಡೆಯಲ್ಲ!"

ನಮ್ಮ ಊರಿಗೆ ಎರಡು ವಯಸ್ಸು. ಒಂದು, ಮೇಷ್ಟ್ರುಗಳು ಹೇಳುವ ಎರಡು ಸಾವಿರ ವರ್ಷ. ಇನ್ನೊಂದು, ೧೯೬೩ರ ಜುಲೈ ತಿಂಗಳ ಒಂದು ಬೆಳಗಿನಿಂದ ಎಣಿಸಿದ್ದು. ಆ ಬೆಳಗ್ಗೆ ಭೂಮಿ ಒಮ್ಮೆ ಮೈ ಕೊಡವಿತು, ಊರು ಮಲಗಿದಲ್ಲೇ ಮಲಗಿಬಿಟ್ಟಿತು. ಹಳೆಯ ರೈಲ್ವೆ ನಿಲ್ದಾಣದ ಅರ್ಧ ಗೋಡೆ ಉಳಿಯಿತು. ಗೋಡೆಯ ಮೇಲಿನ ಗಡಿಯಾರವೂ ಉಳಿಯಿತು, ಐದು ಗಂಟೆ ಹದಿನೇಳು ನಿಮಿಷಕ್ಕೆ ನಿಂತು. ಅದನ್ನು ಹಾಗೆಯೇ ಬಿಟ್ಟಿದ್ದೇವೆ. ಅದರ ಕೆಳಗೆ ಹಾದುಹೋಗುವಾಗ ಪ್ರತಿಯೊಬ್ಬರೂ ಕೈಗಡಿಯಾರವನ್ನು ಕಿವಿಗೆ ಹಿಡಿಯುತ್ತೇವೆ, ಓಡುತ್ತಿದೆ ತಾನೆ ಎಂದು. ಆಮೇಲೆ ಪ್ರಪಂಚವೆಲ್ಲ ಸೇರಿ ನಮಗೊಂದು ಊರು ಕಟ್ಟಿಕೊಟ್ಟಿತು. ಒಂದು ದೇಶ ಮರದ ಮನೆ ಕಳಿಸಿತು, ಒಂದು ಆಸ್ಪತ್ರೆ ಕಟ್ಟಿತು, ಒಂದು ಕಂಬಳಿ ಹಂಚಿತು. ಹೀಗೆ ಕಂಡವರ ಅಂಗಿ ತೊಟ್ಟು ದೊಡ್ಡವನಾದ ಅನಾಥನಂತೆ ನಮ್ಮ ಸ್ಕೋಪಿಯೆ, ಒಂದು ತೋಳು ಉದ್ದ, ಒಂದು ಗಿಡ್ಡ.

ಆ ಬೆಳಗ್ಗೆ ಫಿಮ್ಕಾಗೆ ಹದಿಮೂರು. ಅಣ್ಣ ಗ್ಲಿಗೋರ್‌ಗೆ ಹದಿನೆಂಟು. ಅಪ್ಪ ಹಳೇ ಪೇಟೆಯಲ್ಲಿ ಬೂಟು ಹೊಲಿಯುವವನು. ಮಗನೂ ತನ್ನ ಪಕ್ಕದಲ್ಲಿ ಸ್ಟೂಲು ಹಾಕಿ ಕೂರಬೇಕೆಂದು ಅವನ ಹಟ. ಮಗನಿಗೆ ಚರ್ಮದ ವಾಸನೆ ಆಗದು, ಅವನ ಕನಸೆಲ್ಲ ರೈಲಿನದು. ಹಿಂದಿನ ಸಂಜೆ ಅಪ್ಪ ಅವನಿಗೆಂದೇ ಹೊಲಿದ ಕಂದು ಬೂಟುಗಳನ್ನು ಮುಂದಿಟ್ಟು, "ಇದನ್ನ ಹಾಕ್ಕೊಂಡು ನಾಳೆ ಅಂಗಡಿಗೆ ಬಾ" ಎಂದಿದ್ದ. ಗ್ಲಿಗೋರ್ ಊಟ ಬಿಟ್ಟು ಮಲಗಿದ್ದ. ಸೆಕೆಗೆ ತಾಯಿ ಮಗಳು ಅಂಗಳದ ದ್ರಾಕ್ಷಿ ಚಪ್ಪರದ ಕೆಳಗೆ ಮಲಗಿದ್ದರು, ಹಾಗಾಗಿ ಉಳಿದರು. ಮನೆ ಅಪ್ಪನ ಮೇಲೆ ಬಿತ್ತು. ಅಪ್ಪ ಸಿಕ್ಕ. ಬೂಟುಗಳು ಸಿಕ್ಕವು, ಜೋಡಿಯಾಗಿ, ಒಂದು ಗೆರೆಯೂ ಬೀಳದೆ. ಗ್ಲಿಗೋರ್ ಸಿಗಲಿಲ್ಲ.

ಸರ್ಕಾರದವರು ತಾಯಿ ಮಗಳಿಬ್ಬರನ್ನೂ ಉಳಿದ ಹೆಂಗಸರು ಮಕ್ಕಳ ಜೊತೆ ಬೇರೆ ಊರಿಗೆ ಸಾಗಿಸಿದರು. ತಿಂಗಳುಗಳ ನಂತರ ಬಂದು ಯಾವುದೋ ದೇಶ ಕೊಟ್ಟ ಮರದ ಮನೆಯಲ್ಲಿ ಸಂಸಾರ ಹೂಡಿದರು. ಫಿಮ್ಕಾ ಅಣ್ಣನ ಬೂಟು ಹಾಕಿಕೊಂಡೇ ಶಾಲೆಗೆ ಹೋದಳು, ಅಳತೆ ಸರಿಯಾಗಿತ್ತು. ಹುಡುಗರು "ಸಿಪಾಯಿ, ಸಿಪಾಯಿ" ಎಂದು ಹಿಂದೆ ಬರುತ್ತಿದ್ದರು. ತಾಯಿ ಮಾತ್ರ ಮಗನಿಗಾಗಿ ಒಂದು ದಿನವೂ ದೀಪ ಹಚ್ಚಲಿಲ್ಲ, ಸತ್ತವರ ಹೆಸರಲ್ಲಿ ಹಂಚುವ ಬೇಯಿಸಿದ ಗೋಧಿಯನ್ನು ಹಂಚಲಿಲ್ಲ. "ಹೆಣ ಕಣ್ಣಲ್ಲಿ ನೋಡೋವರೆಗೂ ಅವನಿಗೆ ಏನೂ ಕಳಿಸ್ಬೇಡ. ಎಲ್ಲಾದ್ರೂ ಉಸಿರಾಡ್ತಿದ್ರೆ ನೀನೇ ಅವನ ಕುತ್ತಿಗೆ ಹಿಸುಕ್ದಂಗೆ" ಎಂದು ಮಗಳಿಂದ ಮಾತು ತೆಗೆದುಕೊಂಡಳು. ಸಾಯುವಾಗಲೂ ಹೇಳಿದಳು: "ಅಲ್ಲಿ ಅವನು ಸಿಕ್ಕಿದ್ರೆ ಕನಸಲ್ಲಿ ಬಂದು ಹೇಳ್ತೀನಿ. ಬರ್ಲಿಲ್ಲ ಅಂದ್ರೆ ಬದುಕಿದಾನೆ ಅಂತ ತಿಳ್ಕೊ."

ತಾಯಿ ಕನಸಿನಲ್ಲಿ ಬರುತ್ತಿದ್ದಳು. ಉಪ್ಪಿನಕಾಯಿಗೆ ಉಪ್ಪು ಕಮ್ಮಿ ಎನ್ನುತ್ತಿದ್ದಳು, ಪರದೆ ಒಗೆ ಎನ್ನುತ್ತಿದ್ದಳು. ಮಗನ ಮಾತೆತ್ತುತ್ತಿರಲಿಲ್ಲ.

ಹೀಗೆ ಐವತ್ತು ವರ್ಷ ಫಿಮ್ಕಾ ಅತ್ತೆ ಅಪ್ಪನಿಗೆ ನಶ್ಯ, ಅಮ್ಮನಿಗೆ ಉಣ್ಣೆಯ ಕಾಲುಚೀಲ, ಗಂಡನಿಗೆ ಇಸ್ಪೀಟು ಕಟ್ಟು ಕಳಿಸಿದಳು. ಬೂಟುಗಳು ಕಪಾಟಿನಲ್ಲಿದ್ದವು. ತಿಂಗಳಿಗೊಮ್ಮೆ ಪಾಲಿಶ್ ಹಾಕುತ್ತಿದ್ದಳು. ನಮ್ಮಲ್ಲಿ ಬದುಕಿರುವವರಿಗೆ ಕಾಫಿ ಇದೆ, ಸತ್ತವರಿಗೂ ಸಮಾಧಿಯ ಮೇಲೆ ಸುರಿಯುವ ಕಾಫಿ ಇದೆ. ಎರಡೂ ಇಲ್ಲದವನು ಇಡೀ ಊರಿನಲ್ಲಿ ಗ್ಲಿಗೋರ್ ಒಬ್ಬನೇ.

ನಾನು ಹೇಳುತ್ತಿರುವ ವರ್ಷ ನಮ್ಮ ಊರಿಗೆ ವಿಗ್ರಹದ ಜ್ವರ ಬಂದಿತ್ತು. ಚೌಕದಲ್ಲಿ ಆಕಾಶದೆತ್ತರ ಕುದುರೆಯ ಮೇಲೆ ಯೋಧ, ಅವನ ಸುತ್ತ ಸಿಂಹಗಳು, ಸೇತುವೆಯುದ್ದಕ್ಕೂ ಸಾಲುಸಾಲು ಕಂಚಿನ ಪೂರ್ವಿಕರು. ಬೆಳಗ್ಗೆ ಎದ್ದರೆ ನಿನ್ನೆ ಇಲ್ಲದಿದ್ದ ಕ್ರಾಂತಿಕಾರಿಯೊಬ್ಬ ಬಸ್ ಸ್ಟಾಪಿನಲ್ಲಿ ನಿಂತಿರುತ್ತಿದ್ದ. ಚಳಿಗಾಲದಲ್ಲಿ ಹೊಗೆ ಮಂಜು ಸೇರಿ ಊರನ್ನು ಮುಚ್ಚಿದಾಗ ಕಂಚು ಯಾವುದು, ಮನುಷ್ಯ ಯಾರು ತಿಳಿಯುತ್ತಿರಲಿಲ್ಲ. ನಾನೊಮ್ಮೆ ಒಬ್ಬ ಬಿಷಪ್ಪನ ಹತ್ತಿರ ಬೆಂಕಿಪೊಟ್ಟಣ ಕೇಳಿ, ಉತ್ತರ ಬಾರದಾಗ ಸೊಕ್ಕಿನ ಆಸಾಮಿ ಎಂದು ಬೈದು ಬಂದಿದ್ದೇನೆ.

"ಸತ್ತೋರನ್ನೆಲ್ಲ ಹೀಗೆ ಎಬ್ಬಿಸಿ ನಿಲ್ಲಿಸಿದ್ರೆ ಬದುಕಿರೋರು ಎಲ್ಲಿ ನಿಲ್ಲೋದು? ಒಳಗೆ ಸರೀರಪ್ಪ ಅಂದ್ರೆ ಒಬ್ಬನೂ ಸರಿಯಲ್ಲ" ಎಂದು ಫಿಮ್ಕಾ ಅತ್ತೆ ಯೋಧನಿಗೇ ಗದರಿದ್ದಳು.

ಅದೇ ವರ್ಷದ ಜುಲೈನಲ್ಲಿ ಭೂಕಂಪಕ್ಕೆ ಐವತ್ತು ತುಂಬಿತು. ನಿಂತ ಗಡಿಯಾರದ ಕೆಳಗೆ ಸಭೆ, ಹೂಗುಚ್ಛ, ಟಿವಿಯವರು. ಒಬ್ಬ ಭಾಷಣಕಾರ ಮುಗಿಸುವ ಲಕ್ಷಣ ಕಾಣದಾಗ ಫಿಮ್ಕಾ ಅತ್ತೆ ತನ್ನ ಬಸ್ಸಿನ ಧ್ವನಿಯಲ್ಲಿ, "ಕೊನೇ ಸ್ಟಾಪು, ಇಳಿಯಪ್ಪ!" ಎಂದು ಕೂಗಿದಳು. ಅದು ನೆರೆದೇಶದ ಟಿವಿಯಲ್ಲೂ ಬಂತಂತೆ. ಮನೆಗೆ ಬಂದಮೇಲೆ ಮಾತ್ರ ಅವಳು ಮಂಕಾದಳು. "ಐವತ್ತು ವರ್ಷ ಬ್ಲಾಜೆ. ಬರಿಗಾಲಲ್ಲಿ ನಿಂತಿದಾನೆ. ಅವನ ಬೂಟು ನನ್ನ ಕಪಾಟಲ್ಲಿ" ಎಂದಳು. ಬ್ಲಾಜೆ ಎಂದರೆ ನಾನು.

ಸೆಪ್ಟೆಂಬರಿನಲ್ಲಿ ಎರಡನೆ ಮಹಡಿಯ ಸೋತಿರ್ ಸತ್ತ. ಅವನು ಅಂಚೆಯವನು, ಮತ್ತು ಎಂಥ ಅಂಚೆಯವನು! ಭೂಕಂಪವಾದಾಗ ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಲ್ಲ. ಬೀದಿಗಳಿಗೆ ಹೆಸರಿಲ್ಲ, ಮನೆಗಳಿಗೆ ನಂಬರಿಲ್ಲ, ಎಷ್ಟೋ ಕಡೆ ಮನೆಯೇ ಇಲ್ಲ. ಅಂಥ ಹೊತ್ತಿನಲ್ಲಿ ಡೇರೆಯಿಂದ ಡೇರೆಗೆ ಅಲೆದು, ಹೆಸರೊಂದರ ಬಲದ ಮೇಲೆ ಆಸಾಮಿಯನ್ನು ಹುಡುಕಿ ಕಾಗದ ಕೊಟ್ಟವನು ಸೋತಿರ್. ವಿಳಾಸ ತಪ್ಪಿದ್ದರೂ ಅವನ ಕಾಲು ತಪ್ಪುತ್ತಿರಲಿಲ್ಲ. ಎರಡು ಸಲ ಬಾಗಿಲು ಬಡಿಯುವುದು, ಒಂದು ಕೆಮ್ಮು, ಮತ್ತೊಮ್ಮೆ ಬಡಿಯುವುದು. ಹನ್ನೊಂದು ಗಂಟೆಗೆ ಆ ಸದ್ದು ಬಂತೆಂದರೆ ಸೋತಿರ್ ಬಂದ.

ಅಂಥವನೇ ಸತ್ತನೆಂದರೆ ಕೇಳಬೇಕೆ? ಮೂರು ಕಟ್ಟಡಗಳ ಜನ ಪೊಟ್ಟಣ ಹಿಡಿದು ಬಂದರು. ಚದುರಂಗದ ಹಲಗೆ ಬಂತು, ಕಾಫಿಯ ಗಿಂಡಿ ಬಂತು, ಯಾರೋ ಒಂದು ಕೊಡೆಯನ್ನೂ ತಂದರು. ಸೋತಿರನ ಹೆಂಡತಿ ನೆರಾಂಜಾ ತಲೆದೆಸೆಯಲ್ಲಿ ಕುಳಿತು ಗೋಳಾಡುವುದನ್ನು ನಿಲ್ಲಿಸಿ ಎದ್ದಳು.

"ಏನ್ರೋ ಇದು! ನನ್ನ ಗಂಡ ಸತ್ತಿದಾನೆ, ಲಾರಿ ಆಗಿಲ್ಲ! ಆ ಕೊಡೆ ತೆಗೀರಿ ಮೊದ್ಲು. ಅಲ್ಲೇನು ಮಳೆ ಬರುತ್ತಾ?"

"ನಮ್ಮಪ್ಪ ಎಲ್ಲಿದಾನೋ ಯಾರಿಗೆ ಗೊತ್ತು ನೆರಾಂಜಾ, ಬಿಸಿಲಿಗಾದ್ರೂ ಆಗುತ್ತೆ" ಎಂದ ಕೊಡೆಯವನು.

ಆಗ ಫಿಮ್ಕಾ ಅತ್ತೆ ಬಂದಳು. ಕಂಕುಳಲ್ಲಿ ಬಿಳಿಯ ಬಟ್ಟೆಯ ಗಂಟು. ಬಿಚ್ಚಿದರೆ ಮುಖ ಕಾಣುವಂತೆ ಉಜ್ಜಿದ ಕಂದು ಬೂಟು. ಅವಳು ಬಗ್ಗಿ, ಅವಳ ಮಟ್ಟಿಗೆ ಪಿಸುಮಾತು ಎನ್ನಬಹುದಾದ ಧ್ವನಿಯಲ್ಲಿ ಹೇಳಿದ್ದು ಮೆಟ್ಟಿಲಿನವರೆಗೂ ಕೇಳಿಸಿತು.

"ಸೋತಿರ್, ನಮ್ಮಣ್ಣ ಗ್ಲಿಗೋರ್‌ಗೆ. ವಿಳಾಸ ನಂಗೊತ್ತಿಲ್ಲ. ನೀನು ಹುಡುಕ್ತೀಯ."

ಪೆಟ್ಟಿಗೆ ಹೊತ್ತ ಆರು ಜನ ಮೆಟ್ಟಿಲಿಳಿಯುವಾಗ ಸುರಿಸಿದ ಬೆವರನ್ನೂ ಬಿಟ್ಟ ಬೈಗುಳವನ್ನೂ ವರ್ಣಿಸಲು ನನಗೆ ಶಕ್ತಿಯಿಲ್ಲ. ಅಷ್ಟು ಭಾರದ ಅಂಚೆ ನಮ್ಮ ಊರಿನಿಂದ ಹಿಂದೆಂದೂ ಹೊರಟಿರಲಿಲ್ಲ. ಗುರುವಾರ ಮಧ್ಯಾಹ್ನ ಸೋತಿರ್ ಮಣ್ಣಾದ. ಫಿಮ್ಕಾ ಅತ್ತೆ ಅಂದು ಹೊಟ್ಟೆ ತುಂಬ ಉಂಡಳು.

ಭಾನುವಾರ ಫೋನು ಬಂತು. ನಾನು ಅವಳ ಅಡುಗೆಮನೆಯಲ್ಲೇ ಕುಳಿತು ಕಾಫಿ ಕುಡಿಯುತ್ತಿದ್ದೆ. ಗಡಿಯಾಚೆಯ ನೀಶ್ ಪಟ್ಟಣದಿಂದ ದುನ್ಯಾ ಎಂಬ ಹುಡುಗಿ. ಅವಳ ತಾತ ಬೇಸಿಗೆಯಲ್ಲಿ ಟಿವಿ ನೋಡುತ್ತ, ಗಡಿಯಾರದ ಕೆಳಗೆ ಕೂಗಿದ ಹೆಂಗಸನ್ನು ಕಂಡು, "ಅದು ನಮ್ಮಮ್ಮನ ಗಂಟಲು" ಎಂದು ಎದ್ದು ನಿಂತರಂತೆ. ಅಂದಿನಿಂದ ಹುಡುಗಿ ಹುಡುಕದ ಜಾಗವಿಲ್ಲ, ಕೊನೆಗೆ ಬಸ್ಸಿನ ಡಿಪೋದವರು ನಂಬರು ಕೊಟ್ಟರು. ತಾತನ ಹೆಸರು ಗ್ಲಿಗೋರ್.

ಆ ಮುಂಜಾನೆ ಅಪ್ಪನ ಬೂಟನ್ನು ಬಾಗಿಲಲ್ಲೇ ಬಿಟ್ಟು, ಕ್ಯಾನ್ವಾಸ್ ಚಪ್ಪಲಿಯಲ್ಲಿ ಉತ್ತರದ ರೈಲು ಹತ್ತಿದವನು ಅವನು. ರೈಲು ಊರು ಬಿಟ್ಟಮೇಲೆ ಊರು ಬಿತ್ತು. ಒಂದು ತಿಂಗಳಾದಮೇಲೆ ಹೆದರುತ್ತ ಹೆದರುತ್ತ ಬಂದು ನೋಡಿದರೆ ಮನೆಯ ಜಾಗದಲ್ಲಿ ಬಯಲು. ಕಲ್ಲು ಸಾಗಿಸುತ್ತಿದ್ದವರು, ಈ ಮನೆಯಲ್ಲಿ ಯಾರೂ ಉಳಿಯಲಿಲ್ಲ ಎಂದರು. ಹೋಗಿ ನೀಶ್‌ನಲ್ಲಿ ರೈಲಿನ ಕೆಲಸ ಹಿಡಿದ. ಐವತ್ತು ವರ್ಷ ಅವನು ಅಲ್ಲಿ ತಂಗಿಯ ಹೆಸರಲ್ಲಿ ಗೋಧಿ ಬೇಯಿಸಿ ಹಂಚುತ್ತಿದ್ದ, ಇವಳು ಇಲ್ಲಿ ಅವನ ಹೆಸರಲ್ಲಿ ಹಂಚದೆ ಕಾಯುತ್ತಿದ್ದಳು.

ಫಿಮ್ಕಾ ಅತ್ತೆ ನಗುತ್ತಿದ್ದಳೋ ಅಳುತ್ತಿದ್ದಳೋ ನಾನು ಹೇಳಲಾರೆ. ಆಮೇಲೆ ಹುಡುಗಿ ಇನ್ನೊಂದು ಮಾತು ಹೇಳಿದಳು.

"ಬೇಗ ಬನ್ನಿ ಅಜ್ಜಿ. ತಾತ ಆಸ್ಪತ್ರೆಯಲ್ಲಿದಾರೆ. ಚೆನ್ನಾಗೇ ಇದ್ರು. ಗುರುವಾರ ಮಧ್ಯಾಹ್ನ ಇದ್ದಕ್ಕಿದ್ದಂಗೆ ಬಿದ್ಬಿಟ್ರು. ಕಾಲೆಲ್ಲ ಊದ್ಕೊಂಡಿದೆ, ಜ್ವರ ಬೇರೆ. ಡಾಕ್ಟ್ರಿಗೂ ಏನೂಂತ ತಿಳೀತಿಲ್ಲ."

ಬುರುಜು ಕುಸಿಯುವುದನ್ನು ನಾನು ಕಂಡೆ.

"ಗುರುವಾರ" ಎಂದಳು. "ಬ್ಲಾಜೆ, ನಾನು ಬೂಟು ಕಳಿಸಿದೆ. ಸೋತಿರ್ ಕೈಲಿ. ಅವನು ಹುಡುಕದೆ ಬಿಡ್ತಾನಾ?"

"ಅತ್ತೆ, ಎಪ್ಪತ್ತರ ಹತ್ತಿರ ಇರೋ ಮನುಷ್ಯ, ಎದೆನೋವೋ ಸಕ್ಕರೆಯೋ..."

"ಬಾಯ್ಮುಚ್ಚು! ನೀನು ಬೆಂಕಿಪೊಟ್ಟಣ ಬಿಷಪ್ಪನ್ನ ಕೇಳೋನು!"

ನಮ್ಮಲ್ಲಿ ಸತ್ತವರು ಹೂಳಿದ ತಕ್ಷಣ ಹೊರಟುಬಿಡುವುದಿಲ್ಲ. ನಲವತ್ತು ದಿನ ಇಲ್ಲೇ ತಿರುಗಾಡಿ, ಬಂಧುಬಳಗ ಕಂಡು, ಆಮೇಲೆ ಹೋಗುತ್ತಾರೆ. ಹಾಗಾಗಿ ಸೋತಿರ್ ಇನ್ನೂ ದಾರಿಯಲ್ಲಿದ್ದಾನೆ, ಅವನನ್ನು ತಡೆಯಬಹುದು ಎಂಬುದು ಅತ್ತೆಯ ಲೆಕ್ಕಾಚಾರ. ತಡೆಯುವುದು ಹೇಗೆ? ಅವಳು ನೇರ ಎರಡನೆ ಮಹಡಿಗೆ ಇಳಿದಳು. ನೆರಾಂಜಾ ಕಪ್ಪು ಬಟ್ಟೆಯಲ್ಲಿ ಕುಳಿತು ಬೀನ್ಸ್ ಕಾಳು ಆರಿಸುತ್ತಿದ್ದಳು.

"ನೆರಾಂಜಾ, ನಿನ್ನ ಗಂಡನಿಗೆ ಹೇಳು, ನನ್ನ ಬೂಟು ವಾಪಸ್ ತರ್ಲಿ."

"ಬದುಕಿದ್ದಾಗ ಬ್ರೆಡ್ಡು ತಾ ಅಂದ್ರೆ ತರ್ತಿರ್ಲಿಲ್ಲ ಕಣೆ. ಈಗ ತರ್ತಾನಾ?"

"ನಿನ್ನ ಕನಸಲ್ಲಿ ಬರಲ್ವಾ?"

"ಬರ್ತಾನೆ. ಬಂದು ಗೊರಕೆ ಹೊಡೀತಾನೆ."

ಹಿಂದೆಯೇ ಇನ್ನೊಬ್ಬರನ್ನು ಕಳಿಸಿದರೆ ಸುದ್ದಿ ಮುಟ್ಟೀತು ಎಂಬ ಯೋಚನೆ ಫಿಮ್ಕಾ ಅತ್ತೆಯ ಮುಖದ ಮೇಲೆ ಮೂಡುವುದು ನನಗೆ ಸ್ಪಷ್ಟವಾಗಿ ಕಂಡಿತು. ನೆರಾಂಜಾಗೆ ಎಂಬತ್ತು ದಾಟಿದೆ, ಹೃದಯ ದುರ್ಬಲ, ಊರಿಗೆಲ್ಲ ಗೊತ್ತು. ಅತ್ತೆಯ ಕಣ್ಣು ನಿಧಾನವಾಗಿ ಅವಳ ತುಟಿಯ ಬಣ್ಣದ ಮೇಲೆ, ಉಗುರಿನ ಮೇಲೆ ಹರಿಯಿತು.

"ಹೇಗಿದೆ ನಿನ್ನ ಆರೋಗ್ಯ, ನೆರಾಂಜಾ?"

"ನನ್ನ ಕಡೆ ಹಾಗೆ ನೋಡ್ಬೇಡ ಫಿಮ್ಕಾ! ಕಲ್ಲಿನ ಹಾಗಿದೀನಿ!" ನೆರಾಂಜಾ ಮೊರ ಎತ್ತಿ ಅಡ್ಡ ಹಿಡಿದಳು. "ಬ್ಲಾಜೆ, ಇವಳನ್ನ ಕರ್ಕೊಂಡು ಹೋಗೋ! ಗಿರಾಕಿ ಹುಡುಕ್ತಿದಾಳೆ!"

ಸಂಜೆಯೊಳಗೆ ಸುದ್ದಿ ಹರಡಿತು. ಮೆಟ್ಟಿಲಿನಲ್ಲಿ ಫಿಮ್ಕಾ ಅತ್ತೆ ಎದುರಾದರೆ ಮುದುಕರೆಲ್ಲ ಬೆನ್ನು ನೆಟ್ಟಗೆ ಮಾಡಿ, ಕೆಮ್ಮು ನುಂಗಿ, ಚುರುಕಾಗಿ ಹತ್ತತೊಡಗಿದರು. ಐದನೆ ಮಹಡಿಯ ಆಸ್ತಮಾದವನು ಸಿಳ್ಳೆ ಹೊಡೆಯುತ್ತ ಹತ್ತಿದನಂತೆ. ನಮ್ಮ ಕಟ್ಟಡ ಅಷ್ಟು ಆರೋಗ್ಯವಾಗಿ ಹಿಂದೆಂದೂ ಇರಲಿಲ್ಲ.

ಮರುದಿನ ಬೆಳಗ್ಗೆ ನಾನು ಅವಳನ್ನು ನನ್ನ ಹಳೇ ಜಸ್ತಾವಾ ಕಾರಿನಲ್ಲಿ ಬುಟೆಲ್‌ಗೆ ಕರೆದೊಯ್ದೆ, ಅಲ್ಲಿಂದ ನೀಶ್‌ಗೆ ಹೋಗುವುದೆಂದು. ಸ್ಮಶಾನದಲ್ಲಿ ಮಂಜಿತ್ತು. ಸಾಲುಸಾಲು ಕಲ್ಲುಗಳ ಮೇಲೆ ಕೆತ್ತಿದ ಮುಖಗಳು ನಾವು ಹಾದಂತೆಲ್ಲ ಮಂಜಿನಿಂದ ಹೊರಗೆ ಇಣುಕಿ ಮತ್ತೆ ಒಳಗೆ ಹೋಗುತ್ತಿದ್ದವು. ಅರ್ಧಕ್ಕರ್ಧ ಮುಖಗಳನ್ನು ಅತ್ತೆ ತನ್ನ ಬಸ್ಸಿನಲ್ಲಿ ಕೂರಿಸಿಕೊಂಡು ಬಂದವಳೇ. ಸೋತಿರನ ಹಸಿ ಮಣ್ಣಿನ ಮೇಲೆ ಅವಳು ಕಾಫಿ ಸುರಿದಳು, ರಾಕಿಯಾ ಎಂಬ ಹಣ್ಣಿನ ಸಾರಾಯಿ ಸುರಿದಳು, ಸಿಗರೇಟು ಹಚ್ಚಿ ನೆಟ್ಟಳು. ನಂತರ ಬೈದಳು.

"ಕತ್ತೆ! ವಿಳಾಸ ಗೊತ್ತಿಲ್ಲ ಅಂದ್ರೆ ತಿರುಗಿ ಕೊಟ್ಬಿಡ್ಬೇಕಪ್ಪ. ಆ ಕಡೆ ಸಿಗ್ಲಿಲ್ಲ ಅಂತ ಈ ಕಡೆ ಯಾಕೆ ಹುಡುಕೋಕೆ ಬಂದೆ? ಯಾರು ಹೇಳಿದ್ರು ನಿಂಗೆ ಅಷ್ಟು ಚೆನ್ನಾಗಿ ಕೆಲ್ಸ ಮಾಡು ಅಂತ?" ಆಮೇಲೆ ಮಣ್ಣಿನ ಪಕ್ಕ ಕುಕ್ಕರಿಸಿದಳು. "ಸೋತಿರ್, ನನ್ನಪ್ಪ, ಕೇಳು. ಬಲವಂತ ಮಾಡ್ಬೇಡ. ಅವನು ಬೇಡ ಅಂದ್ರೆ ಬಿಟ್ಬಿಡು. ಅಷ್ಟೇ ನಾನು ಕೇಳೋದು."

ಗಾಳಿಯಿರಲಿಲ್ಲ. ಆದರೂ ನೆಟ್ಟಿದ್ದ ಸಿಗರೇಟು, ಯಾರೋ ಒಂದು ದೀರ್ಘ ದಂ ಎಳೆದ ಹಾಗೆ, ತುದಿಯಲ್ಲಿ ಕೆಂಪಾಗಿ ಸರಸರನೆ ಅರ್ಧಕ್ಕೆ ಇಳಿಯಿತು. ಮಣ್ಣಿನ ಕೆಳಗೋ ನಮ್ಮ ಬೆನ್ನ ಹಿಂದೋ ಒಂದು ಕೆಮ್ಮು ಕೇಳಿಸಿತು. ನಾನು ತಿರುಗಿ ನೋಡಲಿಲ್ಲ. ನನ್ನ ಜಾಗದಲ್ಲಿ ಚೌಕದ ಆ ಯೋಧನಿದ್ದರೂ ಕುದುರೆ ಸಮೇತ ಓಡುತ್ತಿದ್ದ.

ಅಲ್ಲಿಂದ ನೀಶ್ ದಾರಿ ಹಿಡಿದೆವು. ಗಡಿಯಲ್ಲಿ ಸಿಪಾಯಿ, "ಏನಾದ್ರೂ ಸಾಮಾನು ಸಾಗಿಸ್ತಿದೀರಾ?" ಎಂದು ಕೇಳಿದಾಗ, "ಅದೇ ತಪ್ಪು ಮಾಡಿದ್ದು ನಾನು" ಎಂದು ಅತ್ತಳು. ಅವನು ಗಾಬರಿಯಾಗಿ ಗೇಟು ಎತ್ತಿದ.

ಆಸ್ಪತ್ರೆಯ ಕೋಣೆಯ ಬಾಗಿಲಲ್ಲಿ ದುನ್ಯಾ ನಿಂತಿದ್ದಳು, ಕಣ್ಣು ಕೆಂಪಗೆ. ಅತ್ತೆ ಅಲ್ಲೇ ಗೋಡೆ ಹಿಡಿದಳು. ಆದರೆ ಒಳಗಿನಿಂದ ಧ್ವನಿ ಬಂತು: "ಯಾರದು ಆನೆ ನಡೆದ ಹಾಗೆ? ಫಿಮ್ಕಾ ತಾನೆ?"

ದಿಂಬಿಗೊರಗಿ ಒಬ್ಬ ಬೋಳುತಲೆಯ ಮುದುಕ ಸೂಪು ಕುಡಿಯುತ್ತಿದ್ದ. ಐವತ್ತು ವರ್ಷದ ನಂತರ ಅಣ್ಣ ತಂಗಿಯ ಮೊದಲ ಮಾತು ಏನಿರಬಹುದೆಂದು ನಾನು ದಾರಿಯಲ್ಲಿ ಏನೇನೋ ಊಹಿಸಿದ್ದೆ.

"ನಿನ್ನ ಕಾಲು ಇನ್ನೂ ಅಷ್ಟೇ ಇದೆಯಲ್ಲೇ" ಎಂದ ಅವನು.

"ನಿನ್ನ ಕೂದ್ಲು ಮಾತ್ರ ಅಷ್ಟಿಲ್ಲ" ಎಂದಳು ಇವಳು.

ಆಮೇಲೆ ನಾನೂ ದುನ್ಯಾಳೂ ಹೊರಗೆ ಬಂದು ಸ್ವಲ್ಪ ಹೊತ್ತು ಕಿಟಕಿ ನೋಡಿದೆವು.

ಒಳಗೆ ಮತ್ತೆ ಕರೆದಾಗ ಗ್ಲಿಗೋರ್ ಕಥೆ ಹೇಳುತ್ತಿದ್ದ. ಜ್ವರ ಇಳಿದದ್ದು ಅಂದೇ ಬೆಳಗ್ಗೆ. "ವಿಚಿತ್ರ ಕೇಳು. ಗುರುವಾರದಿಂದ ಬಾಗಿಲಾಚೆ ಯಾರೋ ನಡೆದಾಡ್ತಿದ್ರು. ಇವತ್ತು ಬೆಳಗ್ಗೆ ಒಳಗೇ ಬಂದ. ಎರಡು ಸಲ ಬಡಿದ, ಕೆಮ್ಮಿದ, ಮತ್ತೆ ಬಡಿದ. ಮುದುಕ, ಹೆಗಲಿಗೆ ಹೊರಲಾರದಷ್ಟು ದೊಡ್ಡ ಚೀಲ, ಕಿವಿಯಲ್ಲಿ ಪೆನ್ಸಿಲ್ಲು. ಚೀಲದಲ್ಲಿ ಒಂದು ಕೊಡೆ ಬೇರೆ. 'ಗ್ಲಿಗೋರ್ ನೀನೇನಾ? ನಿನ್ನ ಹುಡುಕಿ ಹುಡುಕಿ ಸಾಕಾಯ್ತು. ಆ ಕಡೆ ನಿನ್ನ ಹೆಸರೇ ಇಲ್ಲ ಅಂತಾರೆ. ತಗೋ, ಹಾಕ್ಕೋ, ಹೋಗೋಣ' ಅಂದ. ನೋಡ್ತೀನಿ, ಅಪ್ಪ ಹೊಲಿದ ಬೂಟು!"

ಸೋತಿರನನ್ನು ಈ ಮನುಷ್ಯ ಜನ್ಮದಲ್ಲಿ ಕಂಡವನಲ್ಲ. ಅತ್ತೆ ಮುಂದಕ್ಕೆ ಬಗ್ಗಿ ಕೇಳಿದಳು: "ಹಾಕ್ಕೊಂಡ್ಯಾ?"

"ಆಸೆಯಾಯ್ತು ಕಣೆ. ಅಪ್ಪನ್ನ ಅವತ್ತು ನೋಯಿಸಿದ್ದು ನೆನಪಾಯ್ತು, ಹಾಕ್ಕೊಂಡ್ಬಿಡೋಣ ಅಂತ ಕಾಲು ಚಾಚ್ದೆ. ಆದ್ರೆ ನೋಡು ಈ ಕಾಲನ್ನ, ಹುದುಗು ಬಂದ ಹಿಟ್ಟಾಗಿದೆ. ಹೆಬ್ಬೆರಳೂ ತೂರಲಿಲ್ಲ. ಅವನು ತಳ್ಳಿ ನೋಡ್ದ, ನಾನು ಎಳೆದು ನೋಡ್ದೆ. 'ಆಗಲ್ಲಪ್ಪ, ಬೇಡ, ವಾಪಸ್ ತಗೊಂಡ್ಹೋಗು' ಅಂದೆ. 'ಬೇಡ ಅಂತೀಯಾ? ಸರಿ, ಬಲವಂತ ಇಲ್ಲ' ಅಂತ ಬೂಟಿನ ತಳದ ಮೇಲೆ ಪೆನ್ಸಿಲ್ಲಲ್ಲಿ ಏನೋ ಗೀಚಿ, ಚೀಲಕ್ಕೆ ಹಾಕ್ಕೊಂಡು ಹೋದ. ಅವನು ಹೋಗಿದ್ದೇ ತಡ, ಹಸಿವಾಯ್ತು."

ಫಿಮ್ಕಾ ಅತ್ತೆ ಅಣ್ಣನ ಊದಿದ ಪಾದಗಳನ್ನು ಎರಡೂ ಕೈಯಲ್ಲಿ ಹಿಡಿದು ಮುತ್ತಿಟ್ಟಳು. ಇಡೀ ವಾರ್ಡಿಗೆ ಕೇಳುವಂತೆ ನಕ್ಕಳು. ನರ್ಸು ಬಂದು ಗದರಿದಾಗ ಅವಳಿಗೂ ಮುತ್ತಿಟ್ಟಳು.

ವಾಪಸ್ ಬರುವಾಗ ಹಾಡುತ್ತ ಬಂದಳು. ಗಡಿ ದಾಟಿ, ಬೆಟ್ಟದ ಮೇಲಿನ ದೊಡ್ಡ ಶಿಲುಬೆಯ ದೀಪ ಕಾಣತೊಡಗಿದಾಗ ಹಾಡು ನಿಂತಿತು.

"ಬ್ಲಾಜೆ, ಬೇಡ ಅಂದ ಪಾರ್ಸೆಲ್ಲು ಎಲ್ಲಿಗೆ ಹೋಗುತ್ತೆ?"

ನಾನು ಯೋಚಿಸದೆ ಹೇಳಿದೆ: "ಕಳಿಸಿದೋರಿಗೇ."

ಹೇಳಿದ ಮೇಲೆ ನಾಲಗೆ ಕಚ್ಚಿಕೊಂಡೆ. ಅವಳು ತನ್ನ ಕಾಲುಗಳನ್ನು ನೋಡಿಕೊಂಡಳು. "ಹೌದು. ನಂಗೆ ಅಳತೆ ಸರಿಯಾಗುತ್ತೆ" ಎಂದಳು. ಆ ಧ್ವನಿಯಲ್ಲಿ ಹೆದರಿಕೆ ಇರಲಿಲ್ಲ. ಮನೆಗೆ ಬಂದಿಳಿದಾಗ ಊರೆಲ್ಲ ಮೆಣಸಿನಕಾಯಿ ಸುಡುವ ವಾಸನೆ. "ಆದ್ರೆ ಈಗ ಆಗಲ್ಲ. ಅಯ್ವಾರ್ ಮಾಡ್ಬೇಕು" ಎಂದಳು.

ಸೆಪ್ಟೆಂಬರಿನಲ್ಲಿ ಸ್ಕೋಪಿಯೆಯ ಬಾಲ್ಕನಿ ಬಾಲ್ಕನಿಯಲ್ಲೂ ಕೆಂಪು ದೊಣ್ಣೆಮೆಣಸಿನಕಾಯಿ ಸುಟ್ಟು, ಸಿಪ್ಪೆ ಸುಲಿದು, ಎಣ್ಣೆಯಲ್ಲಿ ದಿನವೆಲ್ಲ ಮಗುಚಿ ಅಯ್ವಾರ್ ಮಾಡುತ್ತಾರೆ. ನಡುವೆ ಕೈಬಿಟ್ಟು ಏಳುವಂತಿಲ್ಲ, ತಳ ಹಿಡಿಯುತ್ತದೆ. ಮದುವೆಯಾಗಲಿ ಯುದ್ಧವಾಗಲಿ, ಬಾಣಲೆ ಒಲೆಯ ಮೇಲಿದ್ದರೆ ಕಾಯಬೇಕು. ನಾವು ಮಗುಚುತ್ತ ಕುಳಿತಿದ್ದ ಒಂದು ಬೆಳಗ್ಗೆ, ಹನ್ನೊಂದು ಗಂಟೆಯ ಹೊತ್ತಿಗೆ, ಬಾಗಿಲು ಎರಡು ಸಲ ಬಡಿಯಿತು. ಕೆಮ್ಮು. ಮತ್ತೊಮ್ಮೆ ಬಡಿಯಿತು.

ನನ್ನ ಕೈಯ ಸೌಟು ನಿಂತಿತು.

"ಮಗುಚು, ತಳ ಹಿಡಿಯುತ್ತೆ!" ಎಂದು ನನಗೆ ಗದರಿ, ಅವಳು ಬಾಗಿಲಿನ ಕಡೆ ತಿರುಗಿ ಕೂಗಿದಳು: "ಸೋತಿರ್! ಕೈಯೆಲ್ಲ ಎಣ್ಣೆ ಕಣಪ್ಪ! ಅಯ್ವಾರ್ ಮುಗಿದ್ಮೇಲೆ ಬಾ!"

ಆಮೇಲೆ ಮೆಟ್ಟಿಲಿಳಿಯುವ ಹೆಜ್ಜೆ, ಭಾರ ಹೊತ್ತವನ ಹೆಜ್ಜೆ. ನಾನು ಧೈರ್ಯ ಮಾಡಿ ಬಾಗಿಲು ತೆಗೆದು ನೋಡುವಷ್ಟರಲ್ಲಿ ಯಾರೂ ಇರಲಿಲ್ಲ. ಚರ್ಮಕ್ಕೆ ಹಚ್ಚುವ ಪಾಲಿಶಿನ ವಾಸನೆ ಇತ್ತು.

ಮರುದಿನ ಅವಳು ಪೇಟೆಗೆ ಹೋಗಿ ಇನ್ನೊಂದು ಚೀಲ ಮೆಣಸಿನಕಾಯಿ ತಂದಳು. ಅದು ಮುಗಿಯುವ ಮುಂಚೆ ಮತ್ತೊಂದು. ಮೆಣಸಿನಕಾಯಿ ಸಿಗದ ಚಳಿಗಾಲದಲ್ಲಿ ಬದನೆ, ಬದನೆ ಮುಗಿದರೆ ಕ್ಯಾರೆಟ್ಟು. ನಲವತ್ತು ದಿನ ಕಳೆಯಿತು, ಸೋತಿರನ ಹೆಸರಿನ ಊಟವಾಯಿತು, ಉಳಿದವರ ಸಾಮಾನೆಲ್ಲ ಮುಟ್ಟಿತೆಂದು ಅವರವರ ಕನಸುಗಳು ಸಾಕ್ಷಿ ಹೇಳಿದವು. ಆದರೆ ಫಿಮ್ಕಾ ಅತ್ತೆಯ ಒಲೆ ಆರಲಿಲ್ಲ. "ಪಾಪ ನನ್ನ ಗಂಡ, ಒಂದು ಪಾರ್ಸೆಲ್ಲಿಗೋಸ್ಕರ ಹೊರಗೆ ಚಳೀಲಿ ನಿಂತಿದಾನೆ, ಆ ಕೊಡೇನಾದ್ರೂ ಇಟ್ಕೊಂಡಿದ್ರೆ ಆಗ್ತಿತ್ತು" ಎಂದು ನೆರಾಂಜಾ ಮುನಿಸಿಕೊಂಡು ಎರಡು ತಿಂಗಳು ಮಾತು ಬಿಟ್ಟಳು. ನಮ್ಮ ಕಟ್ಟಡದ ಪ್ರತಿ ಮನೆಯ ಕಪಾಟಿನಲ್ಲೂ ಅತ್ತೆಯ ಅಯ್ವಾರ್ ಜಾಡಿಗಳು ತುಂಬಿ, ಕೊನೆಗೆ ನಾವು ಅವನ್ನು ಕಂಡವರಿಗೆಲ್ಲ ಕೊಟ್ಟೆವು.

ಗ್ಲಿಗೋರ್ ಬೇಸಿಗೆಗೊಮ್ಮೆ ಬರುತ್ತಿದ್ದ. ಇಬ್ಬರೂ ನಿಂತ ಗಡಿಯಾರದ ಎದುರು ಬೆಂಚಿನ ಮೇಲೆ ಕುಳಿತು, ಐವತ್ತು ವರ್ಷದ ಬಾಕಿ ಜಗಳವನ್ನೆಲ್ಲ ಸಾವಧಾನವಾಗಿ ಆಡಿ ಮುಗಿಸಿದರು. ಅಪ್ಪನ ಅಂಗಡಿಯಿದ್ದ ಓಣಿಗೆ ಹೋಗಿ ಬಂದರು. ಹೀಗೆ ಆರೇಳು ವರ್ಷ ಕಳೆದ ಮೇಲೆ ಒಂದು ಶರತ್ಕಾಲದಲ್ಲಿ ಅವನು ನೀಶ್‌ಗೆ ಹೊರಟಾಗ ಅತ್ತೆ ನಿಲ್ದಾಣದವರೆಗೆ ಹೋಗಿ, ರೈಲು ಮರೆಯಾಗುವವರೆಗೂ ಕೈಬೀಸಿದಳು. ಆ ಭೂಕಂಪದ ಬೆಳಗ್ಗೆ ಅವನು ಹೇಳದೆ ಹೋಗಿದ್ದನಲ್ಲ, ಅದಕ್ಕೆ.

ಆ ವಾರ ಅವಳು ಜಾಡಿಗಳಿಗೆಲ್ಲ ಮುಚ್ಚಳ ಬಿಗಿದು, ಬಾಣಲೆ ತಿಕ್ಕಿ ಕವುಚಿ ಹಾಕಿದಳು. "ಮುಗೀತು. ಈ ವರ್ಷ ಚೆನ್ನಾಗಿ ಬಂದಿದೆ" ಎಂದಳು. ಮರುದಿನ ಹನ್ನೊಂದು ಗಂಟೆಗೆ ನಾನು ನನ್ನ ಮನೆಯಿಂದಲೇ ಕೇಳಿಸಿಕೊಂಡೆ. ಎರಡು ಸಲ, ಕೆಮ್ಮು, ಮತ್ತೊಮ್ಮೆ. ಅವಳ ಬಾಗಿಲು ತೆರೆದ ಸದ್ದೂ ಕೇಳಿಸಿತು.

ಸಾವಿನ ಮನೆಗೆ ಗ್ಲಿಗೋರ್ ಬಂದ. ಕೈಯಲ್ಲಿ ಏನೂ ತರಲಿಲ್ಲ, ಪೆಟ್ಟಿಗೆಯ ಅಂಚು ಹಿಡಿದು ನಿಂತ. ಊರಿನವರು ಮಾತ್ರ ಎಂದಿನಂತೆ ಸಿಗರೇಟು, ಕನ್ನಡಕ, ಔಷಧಿ ಹಿಡಿದು ಸಾಲುಗಟ್ಟಿದ್ದರು. ಪಾದ್ರಿ ಚಾವಣಿ ನೋಡುತ್ತಿದ್ದರು. ದುನ್ಯಾ ಅಜ್ಜಿಗಾಗಿ ಹೊಸ ಕಪ್ಪು ಬೂಟು ಕೊಂಡುತಂದು, ಗಂಡಸರ ಅಂಗಡಿಯಿಂದಲೇ ತಂದು, ತೊಡಿಸಿದ್ದಳು.

ನೆರಾಂಜಾ ಕೋಲೂರಿ ಮುಂದೆ ಬಂದು ನೋಡಿದಳು. ತೊಂಬತ್ತರ ಹತ್ತಿರ, ಕಲ್ಲಿನ ಹಾಗೆ.

"ಅದನ್ನ ಬಿಚ್ಚು ಮಗಳೇ" ಎಂದಳು.

"ಯಾಕಜ್ಜಿ? ಬರಿಗಾಲಲ್ಲಿ ಹೇಗೆ ಕಳ್ಸೋದು?"

"ಬಿಚ್ಚು. ಅವಳ ಬೂಟು ಬಾಗಿಲಾಚೆ ಇಟ್ಕೊಂಡು ಕಾಯ್ತಿದಾನೆ ನನ್ನ ಗಂಡ. ಕಾಲಲ್ಲಿ ಇದನ್ನ ನೋಡಿದ್ರೆ, ಇವಳಿಗೂ ಬೇಡ ಅಂತ ಬರ್ಕೊಂಡು ಆ ಬೂಟನ್ನ ಮತ್ತೆ ವಾಪಸ್ ಕಳಿಸ್ತಾನೆ, ಅವನ ಬುದ್ಧಿ ನಂಗೊತ್ತು."

ದುನ್ಯಾ ತಾತನ ಮುಖ ನೋಡಿದಳು. ಗ್ಲಿಗೋರ್ ತಲೆಯಾಡಿಸಿ, ತಾನೇ ಬಗ್ಗಿ, ತಂಗಿಯ ಬೂಟಿನ ದಾರವನ್ನು ಒಂದೊಂದಾಗಿ ಬಿಚ್ಚತೊಡಗಿದ.